ಕೆಟ್ಟವರ ಸಿನಿಮಾದ ಗುಣದೋಷ

ಒಳ್ಳೆಯವನು ಒಬ್ಬನೂ ಇಲ್ಲದ ಸಿನಿಮಾಕ್ಕೆ ಮಗಳು ತನ್ನನ್ನೇ ಆರಿಸಿ ಕರೆತಂದಳಲ್ಲ ಎಂಬ ಅನುಮಾನ ಬಸವಪ್ರಭುವಿಗೆ ಬಂದದ್ದು ಕುರ್ಚಿಯಲ್ಲಿ ಕೂತು ಪಾಪ್‌ಕಾರ್ನಿನ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡಾದ ಮೇಲೆ. ಅಲ್ಲಿಯವರೆಗೆ ಅವನಿಗೆ ಹೆಮ್ಮೆಯೇ ಇತ್ತು. ಪುಣೆಯ ಶಿವಾಜಿನಗರದ ಕಾಲೇಜಿನಲ್ಲಿ ಓದುವ ಹುಡುಗಿ, ಭಾನುವಾರ ಗೆಳತಿಯರನ್ನೆಲ್ಲ ಬಿಟ್ಟು ಅಪ್ಪನ ಜೊತೆ ಮಗರಪಟ್ಟಾದ ಕಡೆ ಸಿನಿಮಾಕ್ಕೆ ಬರುತ್ತಾಳೆಂದರೆ ಅದೇನು ಕಡಿಮೆ ಮಾತೇ? ಧನಕವಡಿಯಿಂದ ಸ್ಕೂಟರಿನಲ್ಲಿ ಬರುವಾಗ ದಾರಿಯುದ್ದಕ್ಕೂ ಬೆನ್ನು ನೆಟ್ಟಗೆ ಮಾಡಿಕೊಂಡೇ ಕೂತಿದ್ದ. ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಸ್ಕೂಟರಿನವನ ಕಡೆ ನೋಡಿ, ನಿನ್ನ ಮಗಳು ಬರುತ್ತಾಳೇನಪ್ಪಾ ಹೀಗೆ, ಎಂದು ಮನಸ್ಸಿನಲ್ಲೇ ಕೇಳಿಯೂ ಇದ್ದ. ಗುಟ್ಟು ಹೊರಬಿದ್ದದ್ದು ಜಾಹೀರಾತು ನಡೆಯುವಾಗ. ಮಗಳು ರಕ್ಷಿತ ಕಾಲೇಜಿಗೆ ಒಂದು ಪ್ರಬಂಧ ಬರೆಯಬೇಕಂತೆ, ಕಾಮಿಕ್ ಪುಸ್ತಕದಿಂದ ಬಂದ ಖಳರ ಸಿನಿಮಾ ಒಂದರ ಗುಣದೋಷಗಳ ಮೇಲೆ. ಅದರಲ್ಲಿ ಹಿರಿಯ ಪ್ರೇಕ್ಷಕರೊಬ್ಬರ ಅಭಿಪ್ರಾಯ ಇರಲೇಬೇಕಂತೆ.

"ಹಿರಿಯ ಅಂದ್ರ?" ಎಂದು ಕೇಳಿದ.

"ಅಂದ್ರ ನಿನ್ನಂಥಾವ್ರು ಅಪ್ಪಾ. ಇಂಥಾ ಪಿಕ್ಚರ್ ಎಂದೂ ನೋಡಲಾರದವ್ರು. ಮಮ್ಮಿನ್ನ ಕರಕೊಂಡು ಬಂದ್ರ ನಿದ್ದಿ ಹೊಡೀತಾಳ. ನೀ ಮಾತ್ರ ಖರೆ ಖರೆ ಹೇಳಬೇಕು ನೋಡು, ಸುಮ್ನ ಛಲೋ ಅದ ಅಂದುಬಿಡಬ್ಯಾಡ."

ಖರೆ ಖರೆ! ಈ ಪುಣೆ ಊರಿನಲ್ಲಿ ಖರೆ ಮಾತಿಗೆ ಇವಳಿಗೆ ಸಿಕ್ಕಿದ್ದು ತಾನೇ ಏನು ಎಂದು ಅವನಿಗೆ ಒಳಗೊಳಗೇ ನಗು ಬಂತು. ಎಷ್ಟೋ ವರ್ಷಗಳಿಂದ ಕಹಿ ಮಾತನ್ನು ಸಕ್ಕರೆಯಲ್ಲಿ ಹೊರಳಿಸಿ ಕೊಡುವುದೇ ಅವನ ಹೊಟ್ಟೆಪಾಡು. ಬಿಲ್ಡರನ ಆಫೀಸಿನಲ್ಲಿ ಅವನ ಮೇಜಿನ ಮೇಲೆ 'ಲೇಬರ್ ವೆಲ್ಫೇರ್' ಎಂದು ಬೋರ್ಡು ಇದೆ. ಯಾದಗಿರಿ, ರಾಯಚೂರು ಕಡೆಯಿಂದ ಬಂದ ಕೂಲಿಯವರಿಗೆ ಸೈಟಿನಲ್ಲಿ ಕೆಲಸ ಇಲ್ಲ ಎನ್ನುವುದಾಗಲಿ, ಶೆಡ್ಡು ಖಾಲಿ ಮಾಡಿ ಎನ್ನುವುದಾಗಲಿ ಬಂದರೆ ಇಂಜಿನಿಯರುಗಳು ಫೋನಿನಿಂದ ತಲೆ ಎತ್ತದೆ ಅವನ ಮೇಜಿನ ಕಡೆ ಬೆರಳು ತೋರಿಸುತ್ತಾರೆ. ಶನಿವಾರ ಸಂಜೆ ಮಾಲೀಕ ವಿನೀತ ಸರ್ ಕೂಡ ಹಾಗೇ ತೋರಿಸಿದ್ದರು. ಕಾತ್ರಜ್ ಹತ್ತಿರದ ಕಟ್ಟಡ ಮುಗಿಯಿತು, ಹಿಂದಿನ ತಗಡಿನ ಶೆಡ್ಡಿನಲ್ಲಿ ಕೂಲಿಯವರ ಮುಂದಾಳು, ಮುಕಾದಮ ಹುಸೇನಪ್ಪನ ಸಂಸಾರ ಇನ್ನೂ ಕೂತಿದೆ, ಸೋಮವಾರ ಮುಂಜಾನೆ ಜೇಸಿಬಿ ಬರುತ್ತದೆ, ಅಲ್ಲಿ ಹುಲ್ಲು ಹಾಸಬೇಕು, ಮನೆ ನೋಡಲು ಬರುವವರು ಕಿಟಕಿಯಿಂದ ಹುಲ್ಲು ನೋಡಬೇಕು. "ತುಮಚೀಚ ಮಾಣಸಂ ನಾ, ತುಮ್ಹೀಚ ಗೋಡ ಬೋಲೂನ ಸಾಂಗಾ" ಎಂದಿದ್ದರು. ನಿಮ್ಮ ಮಂದಿಯೇ ಅಲ್ಲವೇ, ನೀವೇ ಸಿಹಿಯಾಗಿ ಹೇಳಿಬಿಡಿ. ಬಸವಪ್ರಭು ಹೋಗಿದ್ದ. ಗೇಟಿನ ತನಕ. ಅಲ್ಲಿಂದ ನೋಡಿದರೆ ಹುಸೇನಪ್ಪನ ಮಗಳು ಶರಣಮ್ಮ, ಹೋದ ತಿಂಗಳು ಹೆತ್ತವಳು, ತಲೆಗೆ ಬಟ್ಟೆ ಬಿಗಿದುಕೊಂಡು ಕೂಸಿನ ಅರಿವೆಗಳನ್ನು ತಂತಿಯ ಮೇಲೆ ಒಣ ಹಾಕುತ್ತಿದ್ದಳು. ಅವನು ಅಲ್ಲಿಂದಲೇ ಸ್ಕೂಟರು ತಿರುಗಿಸಿದ. ದಾರಿಯಲ್ಲಿ ನಿಂತು ವಿನೀತ ಸರ್‌ಗೆ ಫೋನು ಮಾಡಿ, ಹೇಳಿಬಿಟ್ಟೆ ಸರ್, ಪಾಪ, ತಕ್ಷಣ ಒಪ್ಪಿಕೊಂಡರು, ಎಂದ. ಪಾಪ ಎಂಬ ಮಾತು ಸೇರಿಸುವ ಅಗತ್ಯ ಏನಿತ್ತೋ ಅವನಿಗೇ ತಿಳಿಯದು. ಈಗ ಭಾನುವಾರ ಮಧ್ಯಾಹ್ನ. ನಾಳೆ ಬೆಳಗಾದರೆ ಜೇಸಿಬಿ. ಹೇಳಬೇಕಾದವನು ಪಾಪ್‌ಕಾರ್ನ್ ತಿನ್ನುತ್ತ ಎಸಿಯಲ್ಲಿ ಕೂತಿದ್ದಾನೆ.

ಸಿನಿಮಾ ಶುರುವಾಯಿತು. ಒಂದು ನಗರ, ಅದಕ್ಕೊಬ್ಬ ಹಾರಾಡುವ ರಕ್ಷಕ. ಅವನಿಗೆ ಮೊದಲ ದೃಶ್ಯದಲ್ಲೇ ಬೇಸರ ಬಂದು ಕೆಲಸ ಬಿಟ್ಟು ಹೋಗಿಬಿಟ್ಟ. ಇದು ಬಸವಪ್ರಭುವಿಗೆ ಬಹಳ ಹಿಡಿಸಿತು. ರಾಜೀನಾಮೆ ಕೊಡುವವರ ಮೇಲೆ ಅವನಿಗೆ ಮೊದಲಿನಿಂದಲೂ ಗೌರವ. ಉಳಿದವರು ಖಳರು. ಉಸಿರು ಬಿಟ್ಟರೆ ಗಾಜು ಕರಗಿಸುವ ಒಬ್ಬ ಹೆಂಗಸು, ತನ್ನ ನೆರಳನ್ನು ಬಿಚ್ಚಿ ಎದುರಿನವರ ಮೇಲೆ ಎಸೆಯುವ ಒಬ್ಬ ದಢೂತಿ, ಕೂಗಿದರೆ ಗೋಡೆ ಬಿರುಕು ಬಿಡುವ ಅವಳಿ ಅಣ್ಣತಮ್ಮಂದಿರು. ಪ್ರತಿಯೊಬ್ಬರಿಗೂ ಒಂದೊಂದು ಉಡುಪು, ಅವರು ಬಂದಾಗ ಬಾರಿಸಲು ಒಂದೊಂದು ಸಂಗೀತ. ತನಗೊಂದು ಉಡುಪು ಹೊಲಿಸಿದರೆ ಹೇಗಿರಬಹುದು ಎಂದು ಯೋಚಿಸಿದ. ಹೆಂಡತಿ ತ್ರಿವೇಣಿ ಇಸ್ತ್ರಿ ಮಾಡಿ ಕೊಡುವ ಚೌಕಳಿ ಅಂಗಿ, ಜೇಬಿನಲ್ಲಿ ಪೆನ್ನು, ಊಟದ ಡಬ್ಬಿಯ ಚೀಲ. ಬಂದಾಗ ಸಂಗೀತ? ಕೆಮ್ಮು ಸಾಕು. ಈ ಖಳರಿಗೆ ತಮ್ಮ ಅಡ್ಡೆ ಕಟ್ಟಲು ಒಂದು ಓಣಿ ಖಾಲಿಯಾಗಬೇಕು. ಅದಕ್ಕೆ ಅವರು ತಮ್ಮ ಗುಮಾಸ್ತನನ್ನು ಕಳಿಸುತ್ತಾರೆ. ಬಸವಪ್ರಭು ಪಾಪ್‌ಕಾರ್ನ್ ತಿನ್ನುವುದನ್ನು ನಿಲ್ಲಿಸಿದ. ಸಣಕಲ ಮನುಷ್ಯ, ಕಂಕುಳಲ್ಲಿ ಚೀಲ, ಮನೆ ಮನೆಯ ಬಾಗಿಲು ತಟ್ಟಿ, ಕ್ಷಮಿಸಿ, ತೊಂದರೆ ಕೊಡುತ್ತಿದ್ದೇನೆ, ಎನ್ನುತ್ತಾನೆ. ನಾಲ್ಕನೆಯದೋ ಐದನೆಯದೋ ಬಾಗಿಲು ತಟ್ಟುವಾಗ ದಢೂತಿಯ ನೆರಳು ಗುರಿತಪ್ಪಿ ಇವನ ಮೇಲೆ ಬಿದ್ದು, ಇವನು ಚಪ್ಪಟೆಯಾಗಿ ಹೋಗುತ್ತಾನೆ. ದಢೂತಿ ಬಗ್ಗಿ ನೋಡಿ, ಇವನ್ಯಾರು, ಎನ್ನುತ್ತಾನೆ. ಯಾರಿಗೂ ಗೊತ್ತಿಲ್ಲ. ಇಡೀ ಥಿಯೇಟರು ಘೊಳ್ಳೆಂದು ನಕ್ಕಿತು. ರಕ್ಷಿತ ಎಷ್ಟು ನಕ್ಕಳೆಂದರೆ ಅಪ್ಪನ ಮೊಣಕೈ ಹಿಡಿದುಕೊಂಡಳು. ಬಸವಪ್ರಭುವೂ ಹಲ್ಲು ಕಿರಿದ, ಮೇಲಿನವರು ನಕ್ಕಾಗ ಆಫೀಸಿನಲ್ಲಿ ಕಿರಿಯುವ ಹಾಗೆ. ಆ ಮನುಷ್ಯನಿಗೂ ಮನೆಯಲ್ಲಿ ಒಬ್ಬ ಮಗಳು ಇದ್ದಿರಬೇಕು, ಕಾಲೇಜಿಗೆ ಹೋಗುವವಳು.

ಮಧ್ಯಂತರದಲ್ಲಿ ರಕ್ಷಿತ ಫೋನನ್ನು ಅವನ ಬಾಯಿಯ ಹತ್ತಿರ ಹಿಡಿದಳು. "ಹಂ, ಹೇಳು. ಮೊದಲ ಗುಣ ಹೇಳು."

"ಗುಣ ಅಂದ್ರ..." ಅವನು ಗಂಟಲು ಸರಿಮಾಡಿಕೊಂಡ. ಹಿರಿಯ ಪ್ರೇಕ್ಷಕರ ಪರವಾಗಿ ಮಾತಾಡುತ್ತಿದ್ದೇನೆಂಬ ಭಾರ ಹೆಗಲ ಮೇಲೆ ಬಂದಿತ್ತು. "ಇವರಿಗೆ ತಾವು ಕೆಟ್ಟವರು ಅಂತ ಗೊತ್ತದ. ಮುಚ್ಚಿಡಂಗಿಲ್ಲ. ಅದು ಭಾಳ ದೊಡ್ಡ ಗುಣ."

"ಮಸ್ತ್! ದೋಷ?"

"ಚೀರತಾರ. ಎಷ್ಟ ಚೀರತಾರ! ಖರೆ ಕೆಟ್ಟ ಮಂದಿ ಚೀರಂಗಿಲ್ಲವಾ. ಸಾವಕಾಶ ಮಾತಾಡತಾರ. ಮಕ್ಕಳು ಆರಾಮ ಅದಾರೇನ್ರಿ ಅಂತ ಕೇಳತಾರ."

ರಕ್ಷಿತ ಫೋನು ಕೆಳಗಿಳಿಸಿ ಅವನನ್ನು ನೋಡಿದಳು. "ನಿಂಗ ಹೆಂಗ ಗೊತ್ತು? ನೀ ಯಾರ್ನ ನೋಡೀಯಪಾ ಅಂಥಾ ಕೆಟ್ಟವ್ರನ್ನ? ನಮ್ಮ ಸೊಸೈಟಿ ಸೆಕ್ರೆಟರಿ ಏನು?"

"ಹೂಂ, ಅವನ" ಎಂದ ಬಸವಪ್ರಭು. ಸೆಕ್ರೆಟರಿ ಪಾಪದ ಮನುಷ್ಯ, ನೀರಿನ ಟ್ಯಾಂಕರಿಗಾಗಿ ನಸುಕಿನಲ್ಲೇ ಎದ್ದು ಕಾಯುವವನು. ಹೀಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಬ್ಬರ ಹೆಗಲಿಗೆ ದಾಟಿಸುವ ಕೈಚಳಕ ಆ ತೆರೆಯ ಮೇಲಿನ ನಾಲ್ವರಲ್ಲಿ ಯಾರಿಗೂ ಇರಲಿಲ್ಲ. ಆದರೆ ಅದಕ್ಕೆ ಉಡುಪು ಹೊಲಿಸಲು ಬರುವುದಿಲ್ಲವಲ್ಲ.

ಎರಡನೆಯ ಭಾಗದಲ್ಲಿ ಖಳರು ಒಬ್ಬೊಬ್ಬರಾಗಿ ಅಳಲು ಶುರುಮಾಡಿದರು. ದಢೂತಿಯನ್ನು ಚಿಕ್ಕಂದಿನಲ್ಲಿ ಅವನ ಅಪ್ಪ ಕತ್ತಲ ಕೋಣೆಯಲ್ಲಿ ಕೂಡಿಹಾಕುತ್ತಿದ್ದನಂತೆ. ಅವಳಿಗಳನ್ನು ಬೇರೆ ಬೇರೆ ಅನಾಥಾಶ್ರಮಕ್ಕೆ ಹಾಕಿದ್ದರಂತೆ. ಗಾಜಿನ ಹೆಂಗಸಿಗೆ ಮಗು ತೀರಿಹೋಗಿತ್ತಂತೆ. ಇದು ದೊಡ್ಡ ದೋಷ, ರಕ್ಷಿತಳಿಗೆ ಹೇಳಬೇಕು ಎಂದುಕೊಂಡ. ಎಲ್ಲರಿಗೂ ಒಂದೊಂದು ಅಳುವ ಕಥೆ ಹಂಚಿಬಿಟ್ಟರೆ ಕೆಟ್ಟತನಕ್ಕೆ ಏನು ಬೆಲೆ ಉಳಿಯಿತು? ಹಾಗೆನ್ನುತ್ತಲೇ ತನಗೂ ಅಂಥದ್ದೊಂದು ಎಲ್ಲಾದರೂ ಸಿಗಬಹುದೇ ಎಂದು ಬಾಲ್ಯವನ್ನೆಲ್ಲ ತಡಕಾಡಿದ. ಅಪ್ಪ ಲಕ್ಷ್ಮಿ ರಸ್ತೆಯ ಸೀರೆ ಅಂಗಡಿಯಲ್ಲಿ ಗುಮಾಸ್ತ, ಸಂಜೆ ಬರುವಾಗ ಮಕ್ಕಳಿಗೆ ಶೇಂಗಾ ತರುತ್ತಿದ್ದವರು, ಒಂದು ದಿನವೂ ಕೈ ಎತ್ತಿದವರಲ್ಲ. ಅವ್ವ ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಕೊಟ್ಟವಳು. ಶಾಲೆಯಲ್ಲಿ ಮಾಸ್ತರರು ಎರಡು ಸಲ ಕಿವಿ ಹಿಂಡಿದ್ದು ಬಿಟ್ಟರೆ ಇಡೀ ಜನ್ಮದಲ್ಲಿ ಒಂದು ನೆಪ ಸಿಗಲಿಲ್ಲ. ಅಷ್ಟು ಚೆನ್ನಾಗಿ ಬೆಳೆಸಿದ್ದಕ್ಕೆ ಅಪ್ಪ ಅವ್ವನ ಮೇಲೆ ಕ್ಷಣಕಾಲ ಸಿಟ್ಟೇ ಬಂತು. ಅವನದು ಹೆದರಿಕೆ, ಅಷ್ಟೆ. ಎದುರಿಗಿದ್ದವರ ಮುಖ ಸಣ್ಣದಾಗುವುದನ್ನು ಅವನಿಗೆ ನೋಡಲು ಆಗುತ್ತಿರಲಿಲ್ಲ. ಅದಕ್ಕೇ ಶೆಡ್ಡುಗಳ ಮುಂದೆ ಕೂತು ಊರಿನ ಸುದ್ದಿ ಕೇಳುತ್ತಿದ್ದ, ತೊಗರಿ ಹೆಂಗ ಬಂತ್ರಿ ಈ ಸಲ ಎನ್ನುತ್ತಿದ್ದ, ಏಳುವಾಗ ಮಾತಿನ ತುದಿಗೆ, ಒಂದೀಟು ನೋಡಿಕೊಳ್ರಿ ಮತ್ತ, ಎಂದು ಸೇರಿಸಿ ಬಂದುಬಿಡುತ್ತಿದ್ದ. ಅದು ನೋಟೀಸು ಎಂದು ಕೇಳಿದವರಿಗೆ ತಿಳಿಯಿತೋ ಇಲ್ಲವೋ. ಮರುದಿನ ಅಲ್ಲಿ ಏನಾಯಿತೆಂದು ನೋಡಲು ಅವನು ಒಮ್ಮೆಯೂ ಹೋದವನಲ್ಲ. ಆಫೀಸಿನಲ್ಲಿ ಮಾತ್ರ ಅವನಿಗೆ ಒಳ್ಳೆಯ ಹೆಸರು; ಪ್ರಭು ಹೋದರೆ ಗಲಾಟೆ ಇಲ್ಲ.

ಕಡೆಗೆ ಗಾಜಿನ ಹೆಂಗಸು ತನ್ನವರಿಗೇ ಎದುರುಬಿದ್ದಳು. ಓಣಿಗೆ ಅಡ್ಡ ನಿಂತು, ನಡುಗುತ್ತ, ಇಲ್ಲ, ಎಂದಳು. ಅಷ್ಟೇ ಮಾತು. ಬಹಳ ಅಗ್ಗದ ದೃಶ್ಯ, ಹಿಂದೆ ಪಿಟೀಲು ಬೇರೆ ಕುಯ್ಯುತ್ತಿದ್ದರು, ಬೇಕೆಂದೇ ಅಳಿಸುತ್ತಿದ್ದಾರೆಂದು ಅವನಿಗೆ ಪೂರಾ ತಿಳಿದಿತ್ತು. ತಿಳಿದೂ ತಿಳಿದೂ ಕಣ್ಣಲ್ಲಿ ನೀರು ಬಂದುಬಿಟ್ಟಿತು, ಥೂ. ಆ ನೀರಿನ ಹಿಂದೆ ಶರಣಮ್ಮ ತಂತಿಯ ಮೇಲೆ ಹಾಕುತ್ತಿದ್ದ ಅಂಗೈ ಅಗಲದ ಅರಿವೆಗಳು ಕಂಡವು. ಈ ಚಳಿಯಲ್ಲಿ ಆ ಬಾಣಂತಿ ಎಲ್ಲಿಗೆ ಹೋಗಬೇಕು? ರಕ್ಷಿತ ಕತ್ತಲಲ್ಲೇ ಕಂಡುಹಿಡಿದಳು. "ಅಪ್ಪಾ! ಅಳಾಕತ್ತೀ?" ಎಂದಳು, ಮುಂದಿನ ಸಾಲಿನವರು ತಿರುಗಿ ನೋಡುವಷ್ಟು ಜೋರಾಗಿ. ಅವನು ಎದ್ದು ಎಲ್ಲರ ಮೊಣಕಾಲು ತುಳಿಯುತ್ತ ಹೊರಗೆ ಹೋದ.

ಶೌಚಾಲಯದ ಪಕ್ಕ, ಕೈ ಒಣಗಿಸುವ ಯಂತ್ರ ಭೋರ್ಗರೆಯುವ ಕಡೆ ನಿಂತು ವಿನೀತ ಸರ್‌ಗೆ ಫೋನು ಹಚ್ಚಿದ. ಹೇಳಬೇಕಾದ್ದನ್ನು ಮರಾಠಿಯಲ್ಲಿ ನಾಲ್ಕು ಸಲ ಮನಸ್ಸಿನಲ್ಲಿ ಓದಿಕೊಂಡ. ಸರ್, ಇದು ಸರಿಯಲ್ಲ. ಸರ್, ನಾನು ಹೇಳಲಾರೆ. ಸರ್, ಬೇಕಾದರೆ ನನ್ನ ಕೆಲಸ ತೆಗೆದುಕೊಳ್ಳಿ. ಮೂರನೆಯದನ್ನು ಕೂಡಲೇ ಬಿಟ್ಟುಬಿಟ್ಟ, ರಕ್ಷಿತಳ ಫೀಸು ನೆನಪಾಗಿ. ಆ ಕಡೆ ಯಾವುದೋ ತೊಟ್ಟಿಲಿನ ಕಾರ್ಯಕ್ರಮದ ಗದ್ದಲ, ಹೆಂಗಸರ ಹಾಡು. ಅವನು ತಡವರಿಸಿ, ಸರ್, ಆ ಶೆಡ್ಡಿನಲ್ಲಿ ಬಾಣಂತಿ ಇದ್ದಾಳೆ, ಎಳೆ ಕೂಸು, ಸ್ವಲ್ಪ ದಿನ ಬಿಟ್ಟರೆ, ಎನ್ನುವಷ್ಟರಲ್ಲಿ ವಿನೀತ ಸರ್, ಅರೇ, ಬಾಣಂತಿಯಾ, ಮೊದಲೇ ಹೇಳಬಾರದಾ ಪ್ರಭು, ಎಂಟು ದಿನ ಇರಲಿ ಬಿಡಿ, ಜೇಸಿಬಿಯವನಿಗೆ ಈಗಲೇ ಹೇಳುತ್ತೇನೆ, ಎಂದರು. ಆಮೇಲೆ, ನಿನ್ನೆ ಹೇಳಿದೆ ಅಂದಿದ್ದಿರಲ್ಲ, ಒಪ್ಪಿಕೊಂಡರು ಅಂತ? ಎಂದರು. ಬಸವಪ್ರಭು, ಅದು ಸರ್, ಎಂದು ತೊದಲಿದ. ಅವರು ಉತ್ತರಕ್ಕೆ ಕಾಯದೆ ಊಟಕ್ಕೆ ಹೋದರು. ಅವನ ಸುಳ್ಳನ್ನು ಹಿಡಿದು ಜಾಡಿಸುವಷ್ಟು ಬೆಲೆಯನ್ನೂ ಅವರು ಕೊಡಲಿಲ್ಲ. ಫೋನು ಕೈಯಲ್ಲಿ ಹಿಡಿದು ಅವನು ಕನ್ನಡಿಯ ಮುಂದೆ ನಿಂತ. ಇಷ್ಟೇನಾ? ಕೇಳಿದರೆ ಕೊಡುತ್ತಿದ್ದರೇ? ಹಾಗಾದರೆ ಇಷ್ಟು ವರ್ಷ ಕೆಡವಿಸಿದ ಶೆಡ್ಡುಗಳಲ್ಲಿ ಎಷ್ಟು, ಕೇವಲ ತಾನು ಬಾಯಿ ಬಿಡದೆ ಇದ್ದುದಕ್ಕೆ ಬಿದ್ದವು? ಈ ಪ್ರಶ್ನೆ ಬಂದದ್ದೇ ನಲ್ಲಿ ತಿರುಗಿಸಿ ಮುಖಕ್ಕೆ ನೀರು ಎರಚಿಕೊಂಡ. ಆದರೆ ಬಸವಪ್ರಭು ತನ್ನನ್ನು ತಾನು ಬಹಳ ಹೊತ್ತು ಬೈದುಕೊಳ್ಳುವ ಜಾತಿಯವನಲ್ಲ. ಮುಖ ತೊಳೆದುಕೊಳ್ಳುವಷ್ಟರಲ್ಲಿ ಅವನೊಳಗೆ ಪಿಟೀಲು ಶುರುವಾಗಿತ್ತು. ಏನೇ ಆಗಲಿ, ಇವತ್ತು ಕೇಳಿದೆನಲ್ಲ!

ಸ್ಕೂಟರು ಹತ್ತುವಾಗ ರಕ್ಷಿತಳಿಗೆ ಎಲ್ಲ ಹೇಳಿದ. ಎಲ್ಲ ಎಂದರೆ ಬೇಕಾದಷ್ಟು. ಗೇಟಿನಿಂದ ತಿರುಗಿ ಬಂದದ್ದನ್ನು ಹೇಳಲಿಲ್ಲ, ತೊದಲಿದ್ದನ್ನು ಹೇಳಲಿಲ್ಲ. ಮಾಲೀಕನಿಗೆ ಸ್ಪಷ್ಟವಾಗಿ ಹೇಳಿದೆ, ಬಾಣಂತಿ ಇರೂ ಶೆಡ್ಡ ಮುಟ್ಟಬ್ಯಾಡ್ರಿ ಅಂತ, ಎಂದ.

"ಖರೇನ? ನೀ ಹಂಗ ಅಂದೀ?" ಅವಳು ಹಿಂದಿನಿಂದ ಅವನ ಹೊಟ್ಟೆ ಬಳಸಿ ಹಿಡಿದಳು, ಶಾಲೆಗೆ ಹೋಗುವಾಗ ಹಿಡಿಯುತ್ತಿದ್ದಂತೆ. "ಅಪ್ಪಾ, ನಿನ್ನ ಮ್ಯಾಲ ಒಂದು ಪಿಕ್ಚರ್ ಮಾಡಬೇಕು ನೋಡು."

"ಹೋಗ ಹೋಗ" ಎಂದ. ಮನೆಗೆ ಹೋಗುವ ತಿರುವು ಬಿಟ್ಟು ಕಾತ್ರಜ್ ಕಡೆ ತಿರುಗಿಸಿದ. ಎಂಟು ದಿನದ ಸುದ್ದಿಯನ್ನು ಫೋನಿನಲ್ಲಿ ಹೇಳಿದರೂ ನಡೆಯುತ್ತಿತ್ತು. ಆದರೆ ಒಳ್ಳೆಯ ಸುದ್ದಿ ಹೇಳುವ ಸುಖವನ್ನು ಅವನು ಈ ನೌಕರಿಯಲ್ಲಿ ಕಂಡೇ ಇರಲಿಲ್ಲ, ಅದೂ ಮಗಳ ಎದುರಿಗೆ. ಹುಸೇನಪ್ಪ ಕೈ ಮುಗಿಯುತ್ತಾನೆ, ಅವನ ಹೆಂಡತಿ ಯಮನವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾಳೆ, ತಾನು, ಅದೇನ್ ದೊಡ್ಡದು ಬಿಡ್ರಿ, ಎನ್ನುತ್ತಾನೆ. ಈ ದೃಶ್ಯವನ್ನು ಅವನು ಎರಡು ಸಿಗ್ನಲ್ಲುಗಳಲ್ಲಿ ನಿಂತು ತಿದ್ದಿ ತಿದ್ದಿ ಸರಿಮಾಡಿದ.

ಹೋದಾಗ ಇನ್ನೂ ಬಿಸಿಲಿತ್ತು. ಯಮನವ್ವ ಶೆಡ್ಡಿನ ಹೊರಗೆ ಮೂರು ಕಲ್ಲಿನ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಸ್ಕೂಟರಿನ ಸಪ್ಪಳಕ್ಕೆ ತಲೆ ಎತ್ತಿದಳು. ಅವನು ಹೆಲ್ಮೆಟ್ಟು ತೆಗೆದು, ದೂರದಿಂದಲೇ, ಮುಖದ ತುಂಬ ನಕ್ಕ. ಅವಳು ಹಂಚಿನ ಮೇಲಿದ್ದ ರೊಟ್ಟಿಯನ್ನು ಇಳಿಸಿದಳು. ನಾದಿಟ್ಟ ಹಿಟ್ಟನ್ನು ಒಂದು ಬಟ್ಟೆಯಲ್ಲಿ ಕಟ್ಟಿದಳು. ತಂಬಿಗೆಯ ನೀರನ್ನು ಒಲೆಗೆ ಸುರಿದು, ಒಳಗೆ ಮುಖ ಮಾಡಿ, "ಏ ಶರಣೀ, ಕೂಸಿನ ಅರಿವಿ ತಕ್ಕೋ. ನಿಮ್ಮಪ್ಪನ್ನ ಎಬ್ಬಸು, ಸಾಹೇಬ್ರು ಬಂದಾರ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಮಳೆ ಬಂತು ಹಪ್ಪಳ ತೆಗಿ ಎನ್ನುವ ಹಾಗಿತ್ತು. ಹುಸೇನಪ್ಪ ಕಣ್ಣು ಉಜ್ಜಿಕೊಳ್ಳುತ್ತ ಹೊರಗೆ ಬಂದು, ಕೈ ಮುಗಿದು, ಶೆಡ್ಡಿನ ಹಿಂದೆ ಹೋಗಿ ಬೋಲ್ಟು ಬಿಚ್ಚುವ ಪಾನಾ ಹುಡುಕತೊಡಗಿದ.

"ಏನಿಲ್ರಿ ಹುಸೇನಪ್ಪ, ಸುಮ್ನ ಬಂದೆ" ಎಂದ ಬಸವಪ್ರಭು, ನಗುವನ್ನು ಇನ್ನಷ್ಟು ದೊಡ್ಡದು ಮಾಡಿ. "ಗಾಬರಿ ಆಗಬ್ಯಾಡ್ರಿ."

"ಇಲ್ರಿ ಸಾಹೇಬ್ರ, ಗಾಬರಿ ಯಾಕ್ರಿ." ಹುಸೇನಪ್ಪ ಮೂಲೆಯ ಬೋಲ್ಟಿಗೆ ಪಾನಾ ಹಾಕಿದ.

"ಇನ್ನೂ ಎಂಟು ದಿನ ಅದ. ಮಾಲೀಕರ ಕಡೆ ನಾನ ಮಾತಾಡೀನಿ. ಆರಾಮ ಇರ್ರಿ ನೀವು."

"ದೊಡ್ಡ ಉಪಕಾರ ಆತ್ರಿ" ಎಂದು ಅವನು ಬೋಲ್ಟು ಬಿಚ್ಚಿ ಜೇಬಿಗೆ ಹಾಕಿಕೊಂಡ.

ನಗು ದೊಡ್ಡದಾದಷ್ಟೂ ಅವರ ಕೈ ಚುರುಕಾಗುತ್ತಿತ್ತು. ಅವನು ನಗುವುದನ್ನು ನಿಲ್ಲಿಸಿ ನೋಡಿದ, ಮುಖ ಗಂಭೀರ ಮಾಡಿ ನೋಡಿದ. ಕೊಡ ಬಂತು, ಹಾಸಿಗೆಯ ಸುರುಳಿ ಬಂತು, ದೇವರ ಫೋಟೋ ಸೀರೆಯೊಂದರಲ್ಲಿ ಸುತ್ತಿಕೊಂಡು ಬಂತು. "ಯಕ್ಕಾ, ನಾ ಹೇಳೂದು ಕೇಳ್ರಿ, ಈ ಸಲ ಖರೇನ ಅದ" ಎಂದು ಕೂಗಿದ. ಈ ಸಲ ಎಂಬ ಮಾತು ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡ.

ಯಮನವ್ವ ಗಂಟು ಕಟ್ಟುವುದನ್ನು ನಿಲ್ಲಿಸಿ ಅವನ ಕಡೆ ನೋಡಿದಳು. "ವಾಘೋಲಿ ಸೈಟಿನ್ಯಾಗೂ ಹಿಂಗ ಅಂದಿದ್ರಿ ಯಪ್ಪಾ. ಎಂಟು ದಿನ ಅದ, ಗಾಬರಿ ಆಗಬ್ಯಾಡ್ರಿ ಅಂದಿದ್ರಿ. ಮುಂಜಾನಿ ಏಳೂದ್ರಾಗ ಜೇಸಿಬಿ ಬಾಗಲ್ದಾಗ ನಿಂತಿತ್ತು. ಹಿಟ್ಟಿನ ಡಬ್ಬಿ ಸೈತ ತಕ್ಕೊಳಾಕ ಆಗಲಿಲ್ಲ." ಆಮೇಲೆ, ಅವನ ಮುಖ ನೋಡಿ ಅವಳಿಗೇ ಕನಿಕರ ಬಂದಿರಬೇಕು, "ನಿಮ್ದೇನ್ ತಪ್ಪದ್ರಿ ಅದ್ರಾಗ? ನಿಮಗ ಹೋಗ್ರಿ ಅನ್ನಾಕ ಜೀವ ಬರಂಗಿಲ್ಲ. ನಮಗ ಗೊತ್ತದ. ನೀವು ಬಂದು ನಕ್ರಿ ಅಂದ್ರ ನಾವ ತಿಳ್ಕೋತೀವಿ. ಹಿಂಜೇವಾಡಿ ಕಡಿ ನಮ್ಮ ಭಾವ ಅದಾನ, ಟೆಂಪೋ ತರತಾನ. ನೀವು ಮನಸಿಗಿ ಹಚ್ಕೋಬ್ಯಾಡ್ರಿ" ಎಂದಳು.

ಬಸವಪ್ರಭುವಿಗೆ ನೆಲ ಬಾಯಿ ಬಿಟ್ಟಿದ್ದರೆ ಒಳಗೆ ಹೋಗಿಬಿಡುವಷ್ಟು ನಾಚಿಕೆಯಾಯಿತು. ಫೋನು ತೆಗೆದು ವಿನೀತ ಸರ್‌ಗೆ ಹಚ್ಚಿ ಸ್ಪೀಕರಿಗೆ ಹಾಕಿದ. ರಿಂಗಾಯಿತು, ರಿಂಗಾಗುತ್ತಲೇ ಇತ್ತು, ತೊಟ್ಟಿಲು ಇನ್ನೂ ಮುಗಿದಿರಲಿಲ್ಲವೇನೋ, ಯಾರೂ ಎತ್ತಲಿಲ್ಲ. ಎಲ್ಲರೂ ಒಂದು ನಿಮಿಷ ಮರ್ಯಾದೆಗೆಂದು ಕೇಳಿಸಿಕೊಂಡು ಮತ್ತೆ ಕೆಲಸಕ್ಕೆ ಹತ್ತಿದರು. ಶರಣಮ್ಮ ಕೂಸನ್ನು ಎದೆಗೆ ಅವಚಿಕೊಂಡು ಹೊರಗೆ ಬಂದು ಗಾಳಿಗೆ ಬೆನ್ನು ಮಾಡಿ ನಿಂತಳು. ಆಗ ಸ್ಕೂಟರಿನ ಹತ್ತಿರ ನಿಂತಿದ್ದ ರಕ್ಷಿತ ಮುಂದೆ ಬಂದಳು.

"ಅತ್ತೀ, ಅಪ್ಪ ಖರೇನ ಹೇಳಾಕತ್ತಾನ. ಮಾಲೀಕರು ಹೂಂ ಅಂದ್ರು. ನಾ ಬಾಜೂಕ ನಿಂತಿದ್ದೆ, ನನ್ನ ಕಿವೀಲೆ ಕೇಳೀನಿ" ಎಂದಳು. "ನೀವು ಏನೂ ಚಿಂತಿ ಮಾಡಬ್ಯಾಡ್ರಿ."

ಅವಳು ಪಕ್ಕದಲ್ಲಿ ನಿಂತಿರಲಿಲ್ಲ. ಒಳಗೆ ಕುರ್ಚಿಯಲ್ಲಿ ಕೂತು ಸಿನಿಮಾ ನೋಡುತ್ತಿದ್ದಳು. ಇದು ಬಸವಪ್ರಭುವಿಗೂ ಗೊತ್ತು, ಅವಳಿಗೂ ಗೊತ್ತು. ಅವಳ ಮುಖದ ಮೇಲೆ ಒಂದು ಸಣ್ಣ ಸಿಹಿ ನಗು ಇತ್ತು, ತಲೆ ಒಂದು ಕಡೆ ವಾಲಿತ್ತು, ದನಿ ಮೆತ್ತಗಿತ್ತು. ಯಾರೂ ಕಲಿಸದೆ ಎಷ್ಟು ಚೆನ್ನಾಗಿ ಬಂದಿದೆ ಎಂದು ಅವನು ಗಾಬರಿಯಿಂದ ನೋಡಿದ. ಯಮನವ್ವ ಅಪ್ಪನನ್ನೊಮ್ಮೆ ಮಗಳನ್ನೊಮ್ಮೆ ನೋಡಿ, "ಹೌದವಾ ಮಗಳ, ಹೌದು" ಎಂದು ರಕ್ಷಿತಳ ಗಲ್ಲ ಸವರಿದಳು. ಗಂಟನ್ನು ಇನ್ನಷ್ಟು ಬಿಗಿದಳು.

ಬೇಡ ರಕ್ಷಿತ, ಬೇಡ, ಎನ್ನಬೇಕೆಂದು ಅವನು ಬಾಯಿ ತೆರೆದ. ಎಲ್ಲರ ಮುಂದೆ ಮಗಳ ಮುಖ ಸಣ್ಣದಾಗುತ್ತದಲ್ಲ ಎಂದು ಸುಮ್ಮನಾದ.

"ಸಾಹೇಬ್ರ" ಎಂದ ಹುಸೇನಪ್ಪ, ಶೆಡ್ಡಿನ ಮೇಲೆ ಹತ್ತಿದ್ದವನು. ಕಡೆಯ ಬೋಲ್ಟು ಬಿಚ್ಚಿದ್ದ, ತಗಡು ಒಂದು ಬದಿಗೆ ಜಾರುತ್ತಿತ್ತು. "ಆ ಕಡಿ ಒಂದೀಟು ಹಿಡೀರಿ. ಕೆಳಗ ಕೂಸಿನ ಸಾಮಾನ ಅದಾವ."

ಬಸವಪ್ರಭು ಎರಡೂ ಕೈ ಎತ್ತಿ ಹಿಡಿದ.